ರಾಯಗಡದ ಸಮಾಧಿಗೆ ಹೋಗುವವರಿಗೆ: ಜತ್ತ, ಅಕ್ಕಲಕೋಟ, ಸೊಲ್ಲಾಪುರ ಕಡೆಯವರಿಗೊಂದು ಸಮಗ್ರ ಮಾರ್ಗದರ್ಶಿ

ನಮ್ಮ ಜತ್ತ ತಾಲೂಕಿನಿಂದ ಪ್ರತಿ ಚಳಿಗಾಲ ಶಿವಾಜಿಯ ರಾಜಧಾನಿಯಾಗಿದ್ದ ರಾಯಗಡ ಕೋಟೆಗೆ ಗಾಡಿಗಳು ಹೊರಡುತ್ತವೆ. ಹೋಗಿ ಬಂದವರನ್ನು ಕೇಳಿ ನೋಡಿ: ಸಿಂಹಾಸನದ ಮುಂದೆ ತೆಗೆಸಿಕೊಂಡ ಫೋಟೊ ತೋರಿಸುತ್ತಾರೆ, ರೋಪ್‌ವೇ ತೊಟ್ಟಿಲು ಎಷ್ಟು ತೂಗಿತು ಎಂದು ಹೇಳುತ್ತಾರೆ. "ಸಮಾಧಿ ಹೆಂಗಿತ್ತು?" ಅಂದರೆ "ಇತ್ತಲ್ಲ, ಅಲ್ಲೇ ಗುಡಿ ಹಿಂದ, ಬಾಜೂಕ ನಾಯಿ ಮೂರ್ತಿ" ಅಂತ ಮಾತು ಮುಗಿಸುತ್ತಾರೆ. ಅವರನ್ನು ಹಂಗಿಸಲಾರೆ, ನನ್ನ ಮೊದಲ ಸಲವೂ ಹಾಗೇ ಆಗಿತ್ತು. ಡಿಸೆಂಬರಿನ ಒಂದು ಭಾನುವಾರ, ಹನ್ನೆರಡು ಜನರ ಟೆಂಪೊ, ಮಧ್ಯಾಹ್ನಕ್ಕೆ ಬುಡ ಮುಟ್ಟಿದೆವು. ರೋಪ್‌ವೇ ಸರದಿಯಲ್ಲೇ ಮೂರು ತಾಸು ಹೋಯಿತು. ಪ್ರವಾಸ ಏರ್ಪಡಿಸಿದವನು ಮೇಲೆ ಹೋದ ಕೂಡಲೇ ಗಡಿಯಾರ ನೋಡತೊಡಗಿದ. ಬಜಾರಪೇಠದ ತನಕ ಓಡಿ, ಜಗದೀಶ್ವರನಿಗೆ ದೂರದಿಂದಲೇ ಕೈ ಮುಗಿದು, ಸಮಾಧಿಯ ಹತ್ತಿರ ನಿಂತಿದ್ದು ನಾಲ್ಕು ನಿಮಿಷ. ಐದನೆಯ ನಿಮಿಷಕ್ಕೆ ಸೀಟಿ ಊದಿದ.

ಎರಡನೆಯ ಸಲ ಅವ್ವನನ್ನು ಕರೆದುಕೊಂಡು ಹೋದೆ, ದಿನವನ್ನು ನಾವೇ ಕಟ್ಟಿಕೊಂಡೆವು. ಅವತ್ತು ತಿಳಿದ ಒಂದು ಸಂಗತಿಯ ಮೇಲೆಯೇ ಈ ಬರಹ ನಿಂತಿದೆ. ರಾಯಗಡದಲ್ಲಿ ಸಮಾಧಿಗಳು ಎರಡು. ಬುಡದ ಪಾಚಾಡದಲ್ಲಿ ತಾಯಿ ಜೀಜಾಬಾಯಿಯದು, ನೆತ್ತಿಯ ಮೇಲೆ ಮಗ ಶಿವಾಜಿಯದು. ತಾಯಿಯಿಂದ ಹೊರಟು ಮಗನ ಹತ್ತಿರ ದಾರಿ ಮುಗಿಯುವ ಹಾಗೆ ದಿನ ಕಟ್ಟಿಕೊಂಡರೆ ಗಡದ ಉಳಿದದ್ದೆಲ್ಲ ತಾನಾಗಿ ಸರಿಯಾದ ಸಾಲಿನಲ್ಲಿ ಬರುತ್ತದೆ. ತಿರುವುಮುರುವು ಮಾಡಿದರೆ ಜಾತ್ರೆ ಸುತ್ತಿ ಬಂದ ಹಾಗೆ.

ಯಾವಾಗ ಹೋಗಬೇಕು

ನವೆಂಬರದಿಂದ ಫೆಬ್ರುವರಿ. ಅಕ್ಟೋಬರದ ಕೊನೆಗೆ ಹೋದರೆ ಗುಡ್ಡ ಇನ್ನೂ ಹಸಿರಾಗಿರುತ್ತದೆ, ಹುಲ್ಲು ಸೊಂಟದೆತ್ತರ, ಹೊಂಡಗಳಲ್ಲಿ ನೀರು. ಮಾರ್ಚ್ ದಾಟಿದರೆ ಬೇಡ. ನಮ್ಮ ಬಿಸಿಲು ಒಣ ಬಿಸಿಲು, ನೆರಳಿಗೆ ನಿಂತರೆ ತಣ್ಣಗಾಗುತ್ತದೆ. ಕೊಂಕಣದ ಬಿಸಿಲು ನೆರಳಲ್ಲೂ ಬೆವರಿಳಿಸುತ್ತದೆ. ಬರಗಾಲದ ಊರಿನವರು ನಾವು, ಬಿಸಿಲು ನಮಗೇನು ಲೆಕ್ಕ ಅಂದುಕೊಂಡು ಮೇ ತಿಂಗಳಲ್ಲಿ ಹತ್ತಿದ ನನ್ನ ಗೆಳೆಯ ಅರ್ಧ ದಾರಿಯಲ್ಲಿ ಕಲ್ಲಿನ ಮೇಲೆ ಅಂಗಾತ ಬಿದ್ದುಕೊಂಡಿದ್ದ.

ಮಳೆಗಾಲದ ಮಾತು ಬೇರೆ. ಜೂನ್‌ನಿಂದ ಸೆಪ್ಟೆಂಬರ್ ವರೆಗೆ ರಾಯಗಡ ನೋಡಲು ಚೆಂದ, ಬಂಡೆಬಂಡೆಗೂ ಜಲಪಾತ. ಆದರೆ 2021ರ ಜುಲೈನಲ್ಲಿ ಇದೇ ಮಹಾಡ ತಾಲೂಕಿನ ತಳಿಯೆ ಎಂಬ ಊರಿನ ಮೇಲೆ ಗುಡ್ಡ ಕುಸಿದು ಎಂಬತ್ತಕ್ಕೂ ಹೆಚ್ಚು ಜನ ಸತ್ತರು. ನಾವು ಇಳಿಯಬೇಕಾದ ಅಂಬೇನಳಿ ಘಾಟಿನ ರಸ್ತೆಯೂ ಅದೇ ಮಳೆಗೆ ಕಿತ್ತುಹೋಗಿತ್ತು. ಮಳೆಯಲ್ಲಿ ಹೋಗಲೇಬೇಕು ಅನ್ನುವವರು ಹವಾಮಾನ ಇಲಾಖೆಯ ಎಚ್ಚರಿಕೆ ನೋಡಿ ಹೊರಡಿ. ಕೆಂಪು ಎಚ್ಚರಿಕೆ ಇದ್ದರೆ ಮನೆಯಲ್ಲೇ ಮಿರ್ಚಿ ಭಜಿ ಮಾಡಿ ತಿನ್ನಿ.

ಇನ್ನು ಜನ. ಜೂನ್ 6 ಪಟ್ಟಾಭಿಷೇಕದ ದಿನ. ತಿಥಿಯ ಪ್ರಕಾರ ಜ್ಯೇಷ್ಠ ಶುದ್ಧ ತ್ರಯೋದಶಿಗೂ ಅದೇ ಉತ್ಸವ. ಚೈತ್ರ ಹುಣ್ಣಿಮೆಗೆ ಪುಣ್ಯತಿಥಿ, ಫೆಬ್ರುವರಿ 19ಕ್ಕೆ ಜಯಂತಿ. ಈ ದಿನಗಳಲ್ಲಿ ಗಡ ಅನ್ನುವುದು ತಲೆಗಳ ಸಮುದ್ರ. ಆ ಹುಮ್ಮಸ್ಸು ಬೇಕಾದವರಿಗೆ ಅದೇ ದಿನ ಸರಿ. ಸಮಾಧಿಯ ಮುಂದೆ ಸುಮ್ಮನೆ ಅರ್ಧ ತಾಸು ಕೂಡಬೇಕು ಅನ್ನುವವರು ಮಂಗಳವಾರವೋ ಬುಧವಾರವೋ ನೋಡಿಕೊಳ್ಳಿ. ಶನಿವಾರ, ಭಾನುವಾರ, ಶಾಲೆ ಪ್ರವಾಸದ ಡಿಸೆಂಬರ್ ಕೊನೆಯ ವಾರ ಬೇಡ.

ದಾರಿ

ಜತ್ತದಿಂದ ಕವಠೆಮಹಾಂಕಾಳ, ಮಿರಜ, ಸಾಂಗಲಿ, ಇಸ್ಲಾಂಪುರ, ಕರಾಡ, ಸಾತಾರಾ. ಅಲ್ಲಿಂದ ಮಹಾಬಳೇಶ್ವರ ಹತ್ತಿ, ಅಂಬೇನಳಿ ಘಾಟ ಇಳಿದು ಪೋಲಾದಪುರ, ಮಹಾಡ. ಮಹಾಡದಿಂದ ಪಾಚಾಡ ಸುಮಾರು 25 ಕಿಲೋಮೀಟರ್. ಇಡೀ ಒಂದು ಹಗಲು ಇದಕ್ಕೇ ಹೋಗುತ್ತದೆ, ಒಂದೇ ದಿನದಲ್ಲಿ ಹೋಗಿ ಹತ್ತಿ ಬರುವ ಹುಚ್ಚು ಲೆಕ್ಕ ಹಾಕಬೇಡಿ. ಎರಡು ರಾತ್ರಿ, ಮೂರು ದಿನ ಇಟ್ಟುಕೊಳ್ಳಿ. ಘಾಟನ್ನು ಬೆಳಕಿರುವಾಗಲೇ ಇಳಿಯಬೇಕು. ತಿರುವುಗಳು ಕಡಿದು, ಕೆಳಗೆ ಕಣಿವೆ, ಚಳಿಗಾಲದ ಸಂಜೆ ಮಂಜು ಬೇರೆ. ನಮ್ಮ ಸಪಾಟು ನೆಲದಲ್ಲಿ ಇಪ್ಪತ್ತು ವರ್ಷ ಗಾಡಿ ಹೊಡೆದವನೂ ಘಾಟಿನಲ್ಲಿ ಹೊಸಬನೇ. ಇಳಿಯುವಾಗ ಗೇರಿನಲ್ಲೇ ಇಳಿಸಿ, ಬ್ರೇಕ್ ಒತ್ತಿಕೊಂಡೇ ಇಳಿದರೆ ಅದು ಕಾಯ್ದು ಕೈ ಕೊಡುತ್ತದೆ.

ದಾರಿಯಲ್ಲಿ ಸಾತಾರೆಯ ಹತ್ತಿರ ಒಂದು ತಾಸು ಉಳಿದರೆ ಸಂಗಮ ಮಾಹುಲಿಗೆ ಹೋಗಿ. ಕೃಷ್ಣೆಗೆ ವೆಣ್ಣಾ ಕೂಡುವ ಜಾಗ. ಶಿವಾಜಿಯ ಮೊಮ್ಮಗ ಶಾಹು ಮಹಾರಾಜನ ಸಮಾಧಿ ಆ ನದಿತೀರದಲ್ಲಿದೆ, ಅವನು ತೀರಿದ್ದು 1749ರ ಡಿಸೆಂಬರಿನಲ್ಲಿ. ಮುಂದೆ ಸಾಂಗಲಿ ದಾಟಿ ನಮ್ಮ ಕರ್ನಾಟಕಕ್ಕೆ ಇಳಿಯುವ ಹೊಳೆಯೇ ಅದು, ಅಲ್ಲಿ ಇನ್ನೂ ಸಣ್ಣ ಹುಡುಗಿಯ ಹಾಗೆ ಹರಿಯುತ್ತದೆ. ಹುಟ್ಟುವುದು ಮೇಲೆ ಮಹಾಬಳೇಶ್ವರದಲ್ಲಿ, ಮಾರನೆಯ ತಾಸಿಗೆ ಅದನ್ನೂ ನೋಡಬಹುದು.

ಸೊಲ್ಲಾಪುರ, ಅಕ್ಕಲಕೋಟ ಕಡೆಯವರಿಗೆ ಪುಣೆಯ ದಾರಿಯೇ ಸಲೀಸು. ಪುಣೆಯಿಂದ ತಾಮ್ಹಿಣಿ ಘಾಟ ಇಳಿದರೆ ಮಾಣಗಾಂವ, ಅಲ್ಲಿಂದ ಮಹಾಡ. ಭೋರ ಮೇಲಿನ ವರಂಧಾ ಘಾಟ ಹತ್ತಿರ ಅನ್ನಿಸುತ್ತದೆ, ಆದರೆ ಮಳೆಗಾಲದಲ್ಲಿ ಅದನ್ನು ಮುಚ್ಚುವುದು ವಾಡಿಕೆ. ಮೊದಲೇ ವಿಚಾರಿಸಿ. ಕಾಸರಗೋಡಿನ ಕನ್ನಡಿಗರಿಗೆ ಕೊಂಕಣ ರೈಲು ಇದೆ. ಮಹಾಡಕ್ಕೆ ಹತ್ತಿರದ ನಿಲ್ದಾಣ ವೀರ, ಎಲ್ಲ ಗಾಡಿಯೂ ನಿಲ್ಲುವುದಿಲ್ಲ, ಇಲ್ಲವಾದರೆ ಮಾಣಗಾಂವಕ್ಕೆ ಇಳಿಯಬೇಕು. ಎಸ್‌ಟಿ ಬಸ್ಸಿನಲ್ಲಿ ಹೋಗುವವರು ಮಹಾಡದ ತನಕ ಆರಾಮ. ಮಹಾಡದಿಂದ ಮೇಲಿನ ಬಸ್ಸು ಕಮ್ಮಿ, ಕೊನೆಯ ಬಸ್ಸಿನ ಹೊತ್ತನ್ನು ಕಂಟ್ರೋಲರ್ ಹತ್ತಿರ ಕೇಳಿ ಬರೆದಿಟ್ಟುಕೊಳ್ಳಿ.

ರಾತ್ರಿಗೆ ಪಾಚಾಡದಲ್ಲೋ ರೋಪ್‌ವೇ ಬುಡದ ಹಿರ್ಕಣಿವಾಡಿಯಲ್ಲೋ ಇಳಿದುಕೊಳ್ಳುವುದು ಒಳ್ಳೆಯದು. ಊಟ ಕೊಟ್ಟು ಕೋಣೆ ಕೊಡುವ ಮನೆಗಳಿವೆ. ಮಹಾಡದಲ್ಲಿ ಲಾಡ್ಜು ಹೆಚ್ಚು, ಆದರೆ ಬೆಳಿಗ್ಗೆಯ ಒಂದು ತಾಸು ರಸ್ತೆಗೇ ಹೋಗುತ್ತದೆ. ಆ ತಾಸೇ ಬಂಗಾರ.

ಮೂಟೆ ಕಟ್ಟುವಾಗ

ತಲೆಗೆ ಎರಡು ಲೀಟರ್ ನೀರು. ಹಿಡಿತ ಇರುವ ಬೂಟು. ಚಪ್ಪಲಿಯಲ್ಲಿ ಹತ್ತುವವರು ಕಾಣುತ್ತಾರೆ, ಅವರು ಅಲ್ಲೇ ಹುಟ್ಟಿ ಬೆಳೆದವರು. ನಮ್ಮ ಕೊಲ್ಹಾಪುರಿ ಜೋಡು ಮಠ್ಠಸ ನೆಲಕ್ಕೆ ಸರಿ, ನುಣುಪಾದ ಕಲ್ಲಿಗೆ ಅಲ್ಲ. ಟೊಪ್ಪಿಗೆ ಅಥವಾ ಟಾವೆಲ್, ವಯಸ್ಸಾದವರಿಗೆ ಒಂದು ಕೋಲು, ಮಂಡಿನೋವಿನ ಪಟ್ಟಿ. ಬುತ್ತಿಗೆ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಇರಲಿ, ಮೊಸರು ಬೇಡ. ಚಿಲ್ಲರೆ ರೊಕ್ಕ ಇರಲಿ, ಮೇಲೆ ಫೋನಿನ ಸಿಗ್ನಲ್ ಒಂದು ಮೂಲೆಯಲ್ಲಿ ಸಿಕ್ಕರೆ ಇನ್ನೊಂದರಲ್ಲಿ ಇಲ್ಲ.

ಇನ್ನೊಂದು ಗಂಟು ಶಬ್ದಗಳದು. ನಾವು ಜತ್ತದವರಿಗೆ ಮರಾಠಿ ನೀರು ಕುಡಿದ ಹಾಗೆ, ಆದರೆ ವಿಜಯಪುರದಿಂದಲೋ ಮಂಗಳೂರಿನಿಂದಲೋ ಬರುವ ನೆಂಟರಿಗೆ ಫಲಕ ಓದುವಾಗ ತಮಾಷೆಯಾಗುತ್ತದೆ. 'ಹತ್ತಿ ತಲಾವ' ಅಂದರೆ ಹತ್ತಿಗೂ ಅದಕ್ಕೂ ಸಂಬಂಧವಿಲ್ಲ, ಮರಾಠಿಯಲ್ಲಿ ಹತ್ತಿ ಎಂದರೆ ಆನೆ, ಅದು ಆನೆಹೊಂಡ. ಟೋಕ ಎಂದರೆ ಕಣಿವೆಗೆ ಮೂಗು ಚಾಚಿದ ಬಂಡೆಯ ತುದಿ. ಬುರೂಜ ನಮ್ಮ ಹುಡೇವು, ದರವಾಜಾ ನಮ್ಮ ಅಗಸಿ, ಪಾಯರಿ ಪಾವಟಿಗೆ, ಖಿಂಡ ಎರಡು ಗುಡ್ಡಗಳ ನಡುವಿನ ಸಂದು. 'ಹೋಳೀಚಾ ಮಾಳ' ಮಾತ್ರ ಯಾರಿಗೂ ಹೇಳಿಕೊಡಬೇಕಿಲ್ಲ. ಮಾಳ ಇಬ್ಬರಿಗೂ ಮಾಳವೇ.

ಮೊದಲ ಹೆಜ್ಜೆ: ಪಾಚಾಡ

ಸಂಜೆ ಮುಟ್ಟಿದಿರಾ, ಕೋಣೆಯಲ್ಲಿ ಗಂಟು ಇಟ್ಟು ನೇರವಾಗಿ ಜೀಜಾಬಾಯಿಯ ಸಮಾಧಿಗೆ ಹೋಗಿ. ಊರೊಳಗೇ ಇದೆ, ಸಣ್ಣ ತೋಟ, ನಡುವೆ ಕಲ್ಲಿನ ಕಟ್ಟಡ. ರೋಪ್‌ವೇಗೆ ಧಾವಿಸುವ ಗಾಡಿಗಳು ಇಲ್ಲಿ ನಿಲ್ಲುವುದೇ ಕಡಿಮೆ, ಆದ್ದರಿಂದ ಹಕ್ಕಿ ಕೂಗು ಕೇಳುತ್ತದೆ. ಮಗನ ಪಟ್ಟಾಭಿಷೇಕ ಆದದ್ದು 1674ರ ಜೂನ್ 6. ತಾಯಿ ತೀರಿಕೊಂಡದ್ದು ಅದೇ ಜೂನ್ 17ಕ್ಕೆ. ಹನ್ನೊಂದು ದಿನ. ಅವ್ವ ಇದನ್ನು ಕೇಳಿ, "ಅದನ್ನ ನೋಡಾಕಂತನ ಜೀವ ಹಿಡದಿದ್ಲು" ಅಂದಳು. ನನಗೂ ಹಾಗೇ ಅನ್ನಿಸುತ್ತದೆ.

ಹತ್ತಿರದಲ್ಲೇ ಆಕೆ ಇದ್ದ ವಾಡೆಯ ಗೋಡೆಗಳು, ಬಾವಿಗಳು ಇವೆ. ಮೇಲಿನ ಗಾಳಿ, ಥಂಡಿ ವಯಸ್ಸಾದ ತಾಯಿಗೆ ಒಗ್ಗಲಿಲ್ಲವೆಂದು ಮಗ ಕೆಳಗೆ ಕಟ್ಟಿಸಿದ್ದ ಮನೆ ಎನ್ನುತ್ತಾರೆ. ಇಲ್ಲೊಂದು ಸಂಗತಿ ಕನ್ನಡದವರು ನೆನೆಯಬೇಕು. ಜೀಜಾಬಾಯಿ ಸಿಂದಖೇಡದ ಜಾಧವರ ಮಗಳು. ಆ ಮನೆತನ ತನ್ನನ್ನು ದೇವಗಿರಿಯ ಯಾದವರ ವಂಶ ಎಂದು ಹೇಳಿಕೊಳ್ಳುತ್ತದೆ. ಆ ಯಾದವರು, ಅಂದರೆ ನಮ್ಮ ಶಾಸನಗಳ ಸೇವುಣರು, ಎಷ್ಟೋ ಶಾಸನಗಳನ್ನು ಕನ್ನಡದಲ್ಲೇ ಕೆತ್ತಿಸಿದ್ದಾರೆ. ಗಂಡ ಶಹಾಜಿಯ ಸಮಾಧಿಯಂತೂ ನಮ್ಮ ದಾವಣಗೆರೆ ಜಿಲ್ಲೆಯ ಹೊದಿಗೆರೆಯಲ್ಲಿದೆ. 1664ರ ಜನವರಿಯಲ್ಲಿ ಬೇಟೆಗೆ ಹೋಗಿ ಕುದುರೆಯಿಂದ ಬಿದ್ದು ಅಲ್ಲೇ ಸತ್ತ. ಗಂಡ ತುಂಗಭದ್ರೆಯ ಸೀಮೆಯಲ್ಲಿ, ಹೆಂಡತಿ ಸಹ್ಯಾದ್ರಿಯ ಬುಡದಲ್ಲಿ, ಮಗ ಅದರ ನೆತ್ತಿಯಲ್ಲಿ.

ಎರಡನೆಯದು: ಹತ್ತುವುದು

ಬೆಳಿಗ್ಗೆ ಆರಕ್ಕೆ, ಪಾವಟಿಗೆ ಶುರುವಾಗುವ ಚಿತ್ತ ದರವಾಜಾದ ಹತ್ತಿರ ಇರಿ. ಗಡದ ಎತ್ತರ ಸಮುದ್ರಮಟ್ಟದಿಂದ ಸುಮಾರು 820 ಮೀಟರ್. ಪಾವಟಿಗೆ ಸಾವಿರದ ಮೇಲೆ ಎಷ್ಟೋ ನೂರು, ಎಣಿಸಿದವರೆಲ್ಲ ಬೇರೆ ಬೇರೆ ಲೆಕ್ಕ ಹೇಳುತ್ತಾರೆ. ನಾನೂ ಎಣಿಸಲು ಶುರು ಮಾಡಿ ಆರುನೂರರ ಹತ್ತಿರ ಲೆಕ್ಕ ತಪ್ಪಿಸಿಕೊಂಡೆ. ಸಾಧಾರಣ ನಡಿಗೆಯವರಿಗೆ ಎರಡರಿಂದ ಎರಡೂವರೆ ತಾಸು. ಐವತ್ತು ಪಾವಟಿಗೆಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳಿ, ಕೂಡಬೇಡಿ. ಕೂತರೆ ಕಾಲು ಬಿಗಿಯುತ್ತವೆ.

ಮೊದಲಿಗೆ ಖೂಬಲಢಾ ಬುರೂಜ. ಆಮೇಲೆ ದಾರಿ ಗುಡ್ಡದ ಪಕ್ಕೆಗೆ ಅಂಟಿಕೊಂಡು ಏರುತ್ತದೆ. ಕಪ್ಪು ಬಸಾಲ್ಟಿನ ಬಂಡೆ, ಅದರ ಪದರಗಳು ಗೋಡೆ ಕಟ್ಟಿದ ಹಾಗೆ ಕಾಣುತ್ತವೆ. ನಮ್ಮ ಹೊಲದ ಎರೆಮಣ್ಣಿನ ತಾಯಿಕಲ್ಲೂ ಇದೇ, ಅಲ್ಲಿ ಸವೆದು ಮಣ್ಣಾಗಿದೆ, ಇಲ್ಲಿ ಇನ್ನೂ ಕೊರಳೆತ್ತಿ ನಿಂತಿದೆ. ಗಡ ಸಹ್ಯಾದ್ರಿಯ ಮುಖ್ಯ ಸಾಲಿನಿಂದ ಕಡಿದು ಬೇರೆ ನಿಂತ ಗುಡ್ಡ, ಸುತ್ತ ಕಾಳ ಮತ್ತು ಗಾಂಧಾರಿ ಹೊಳೆಗಳ ಕಣಿವೆ. ಅದಕ್ಕೇ ಶಿವಾಜಿ ಇದನ್ನು ಆರಿಸಿದ. ಮೊದಲ ಹೆಸರು ರಾಯರಿ, 1656ರಲ್ಲಿ ಜಾವಳಿಯ ಚಂದ್ರರಾವ ಮೋರೆಯಿಂದ ಕಸಿದುಕೊಂಡದ್ದು. ರಾಜಧಾನಿಯಾಗಿ ಕಟ್ಟಿಸಿದವನು ಹಿರೋಜಿ ಇಂದುಲಕರ. ಈ ಹೆಸರು ನೆನಪಿಟ್ಟುಕೊಳ್ಳಿ, ಮೇಲೆ ಬೇಕಾಗುತ್ತದೆ.

ಮಹಾ ದರವಾಜಾ ಕಾಣುವುದೇ ಇಲ್ಲ, ಅದೇ ಅದರ ಕಸುಬು. ಎರಡು ದೊಡ್ಡ ಹುಡೇವುಗಳ ನಡುವೆ ದಾರಿ ತಿರುಚಿಕೊಂಡು ಹೋಗುತ್ತದೆ, ತೀರಾ ಹತ್ತಿರ ಬಂದಾಗ ಅಗಸಿ ಎದುರಾಗುತ್ತದೆ. ಆನೆ ಓಡಿಬಂದು ಗುದ್ದಲು ಜಾಗವಿಲ್ಲ, ತೋಪು ಗುರಿಯಿಡಲು ನೇರ ನೋಟವಿಲ್ಲ. ಬಾಗಿಲ ಮೇಲಿನ ಕಮಲಗಳನ್ನು ಕತ್ತೆತ್ತಿ ನೋಡಿ. ಪಟ್ಟಾಭಿಷೇಕಕ್ಕೆ ಬಂದಿದ್ದ ಇಂಗ್ಲಿಷರ ದೂತ ಹೆನ್ರಿ ಆಕ್ಸಿಂಡನ್ ಗಡದ ಮೇಲೆ ಆನೆಗಳನ್ನು ನೋಡಿ, ಈ ದಾರಿಯಲ್ಲಿ ಇವು ಹೇಗೆ ಬಂದವು ಎಂದು ಬೆರಗಾಗಿದ್ದ. ನೀವೂ ಅಲ್ಲಿ ನಿಂತು ಉಬ್ಬಸ ಬಿಡುವಾಗ ಅದನ್ನೇ ಕೇಳುತ್ತೀರಿ.

ಹತ್ತಲಾಗದವರಿಗೆ ರೋಪ್‌ವೇ ಇದೆ, 1996ರಿಂದ. ಹಿರ್ಕಣಿವಾಡಿಯಿಂದ ನಾಲ್ಕೈದು ನಿಮಿಷದಲ್ಲಿ ಮೇಲೆ. ಹೃದಯದ ತೊಂದರೆ, ಮಂಡಿನೋವು ಇರುವವರು ನಾಚಿಕೆ ಮಾಡಿಕೊಳ್ಳದೆ ಅದರಲ್ಲೇ ಹೋಗಿ. ಮುಂಜಾನೆಯ ಮೊದಲ ಸರದಿ ಹಿಡಿಯಿರಿ, ಗಾಳಿ ಜೋರಾದರೆ ನಿಲ್ಲಿಸುತ್ತಾರೆ. ನಮ್ಮ ಅವ್ವ ರೋಪ್‌ವೇಯಲ್ಲಿ, ನಾನು ಪಾವಟಿಗೆಯಲ್ಲಿ. ನಾನು ಬೆವರು ಒರೆಸಿಕೊಂಡು ಮೇಲಿನ ಗಂಗಾಸಾಗರ ಹೊಂಡ ಮುಟ್ಟಿದಾಗ ಆಕೆ ಧಾಬಳಿ ಹೊದ್ದು ಕೂತು ಅಲ್ಲಿಯ ಮಜ್ಜಿಗೆ ಮಾರುವ ಹೆಂಗಸಿನ ಜೊತೆ ಸೊಸೆಯಂದಿರ ವಿಚಾರ ಮಾತಾಡುತ್ತಿದ್ದಳು. ಇವಳು ಕನ್ನಡ, ಆಕೆ ಮರಾಠಿ. ಮಾತು ನಿಂತಿರಲಿಲ್ಲ.

ಮೂರನೆಯದು: ಸಮಾಧಿಯ ತನಕದ ದಾರಿ

ಮೇಲೆ ಬಂದ ಕೂಡಲೇ ಕಾಣುವ ಆನೆಹೊಂಡ ಬೇಸಿಗೆಗೆ ಒಣಗುತ್ತದೆ, ಸೋರುವ ತಳ. ಗಂಗಾಸಾಗರ ಮಾತ್ರ ತುಂಬಿರುತ್ತದೆ. ಪಟ್ಟಾಭಿಷೇಕಕ್ಕೆ ತಂದ ನದಿಗಳ ನೀರನ್ನು ಇದಕ್ಕೇ ಸುರಿದರು ಎಂಬ ಮಾತಿದೆ. ಅದರ ದಂಡೆಗೆ ಎರಡು ಸ್ತಂಭಗಳು, ಆಮೇಲೆ ಪಾಲಖೀ ದರವಾಜಾ, ರಾಣಿವಾಸದ ಸಾಲು ಕೋಣೆಗಳು. ಎಲ್ಲ ತಳಪಾಯ ಮಾತ್ರ. 1818ರ ಮೇ ತಿಂಗಳಲ್ಲಿ ಇಂಗ್ಲಿಷರು ಎದುರಿನ ಕಾಳಕಾಯಿ ಖಿಂಡದಿಂದ ತೋಪು ಹಾರಿಸಿದಾಗ ಕಟ್ಟಿಗೆಯ ಅರಮನೆಗಳು ಹೊತ್ತಿ ಉರಿದವು, ಕಲ್ಲು ಉಳಿಯಿತು.

ರಾಜಸದರೆಯಲ್ಲಿ, ಅಂದರೆ ದರಬಾರಿನ ಅಂಗಳದಲ್ಲಿ, ಒಂದು ಆಟ ಆಡದೆ ಮುಂದೆ ಹೋಗಬೇಡಿ. ಸಿಂಹಾಸನದ ಜಾಗದಿಂದ ನಗಾರಖಾನೆಯ ಬಾಗಿಲಿಗೆ ಇನ್ನೂರು ಅಡಿಯ ಸುಮಾರು. ಬಾಗಿಲಲ್ಲಿ ನಿಂತವರು ಮೆಲ್ಲಗೆ ಮಾತಾಡಿದರೂ, ಕಾಗದ ಹರಿದರೂ ಸಿಂಹಾಸನದ ಹತ್ತಿರ ಕೇಳಿಸುತ್ತದೆ. ಜನ ಕಡಿಮೆಯಿರುವ ಬೆಳಗಿನ ಹೊತ್ತಿಗಷ್ಟೇ ಇದು ಸಾಧ್ಯ. ಅವ್ವನನ್ನು ಬಾಗಿಲಲ್ಲಿ ನಿಲ್ಲಿಸಿ, "ಏನರ ಅನ್ನವ್ವ" ಅಂದು ನಾನು ಈ ಕಡೆ ಬಂದೆ. ಸ್ವಲ್ಪ ಹೊತ್ತು ಗಾಳಿ ಸಪ್ಪಳ. ಆಮೇಲೆ ಕಿವಿಯ ಹತ್ತಿರವೇ ನಿಂತು ಅಂದ ಹಾಗೆ: "ರೊಟ್ಟಿ ಗಂಟು ಗಾಡ್ಯಾಗ ಬಿಟ್ಟ ಬಂದೀಯಲ್ಲೋ." ಮುನ್ನೂರೈವತ್ತು ವರ್ಷದ ಆ ಅಂಗಳದಲ್ಲಿ ಎಷ್ಟೆಷ್ಟು ವರದಿಗಳು ದಾಟಿಹೋಗಿರಬೇಕು, ನನ್ನ ಪಾಲಿಗೆ ಬಂದದ್ದು ಇದು.

ನಗಾರಖಾನೆ ದಾಟಿದರೆ ಹೋಳೀಚಾ ಮಾಳ, ಶಿರಕಾಯಿ ದೇವಿ, ಆಮೇಲೆ ಬಜಾರಪೇಠ. ಎರಡು ಸಾಲು ಅಂಗಡಿ, ಸಾಲಿಗೆ 22, ಕಟ್ಟೆಗಳು ಎದೆಯೆತ್ತರ. ಕುದುರೆಯಿಂದ ಇಳಿಯದೆ ಸಾಮಾನು ಕೊಳ್ಳಲಿ ಎಂದು ಹೀಗೆ ಕಟ್ಟಿದರು ಎಂದು ಗೈಡುಗಳು ಹೇಳುತ್ತಾರೆ. ಇರಲಿಕ್ಕೂ ಸಾಕು. ಎಡಕ್ಕೆ ಟಕಮಕ ಟೋಕದ ದಾರಿ, ಅಪರಾಧಿಗಳನ್ನು ತಳ್ಳುತ್ತಿದ್ದರೆನ್ನುವ ಬಂಡೆ. ಅಲ್ಲಿ ಗಾಳಿ ಎಳೆಯುತ್ತದೆ, ಕಟಾಂಜನದ ಆಚೆ ಹೋಗಿ ಸೆಲ್ಫಿ ತೆಗೆಯುವ ಹುಡುಗರನ್ನು ಕಂಡರೆ ನನ್ನ ಹೊಟ್ಟೆ ಕಲಕುತ್ತದೆ. ಇದನ್ನು ಈಗ ಬಿಡಿ, ವಾಪಸ್ ಬರುವಾಗ ನೋಡಿ. ಹಿರ್ಕಣಿ ಬುರೂಜವೂ ಹಾಗೇ. ಹಾಲು ಮಾರಲು ಮೇಲೆ ಬಂದ ಬಾಣಂತಿ, ಸಂಜೆಗೆ ಅಗಸಿ ಮುಚ್ಚಿದ್ದರಿಂದ ಕೂಸಿನ ಸಲುವಾಗಿ ಬಂಡೆ ಇಳಿದಳೆಂಬ ಕಥೆಯ ಜಾಗ ಅದು.

ಬಜಾರದ ತುದಿಯಿಂದ ದಾರಿ ಸ್ವಲ್ಪ ಇಳಿದು ಜಗದೀಶ್ವರನ ಗುಡಿಗೆ ಹೋಗುತ್ತದೆ. ಸಿಂಹಾಸನದಿಂದ ಇಲ್ಲಿಗೆ ಸಾವಕಾಶ ನಡೆದರೆ ಇಪ್ಪತ್ತು ನಿಮಿಷ ಬೇಕು. ಪಟ್ಟ ಏರಿದ ದಿನದಿಂದ ಶಿವಾಜಿ ತೀರಿದ 1680ರ ಏಪ್ರಿಲ್ 3ಕ್ಕೆ ಆರು ವರ್ಷವೂ ಪೂರ್ತಿ ಆಗಿರಲಿಲ್ಲ. ಈ ಇಪ್ಪತ್ತು ನಿಮಿಷ ಮಾತಾಡದೆ ನಡೆಯಿರಿ.

ಗುಡಿಯಲ್ಲಿ ಎರಡು ಬರಹ

ಗುಡಿಯ ಶಿಖರ ಗುಮ್ಮಟದ ಹಾಗಿದೆ. ದೂರದಿಂದ ಶತ್ರುವಿಗೆ ಮಸೀದಿ ಅನ್ನಿಸಲಿ ಎಂದು ಹೀಗೆ ಮಾಡಿದರೆಂಬುದು ಜನರ ಮಾತು. ನೋಡಬೇಕಾದದ್ದು ಕೆಳಗಿದೆ. ಹೊಸ್ತಿಲ ಹತ್ತಿರದ ಒಂದು ಪಾವಟಿಗೆಯ ಮೇಲೆ ಸಣ್ಣ ಅಕ್ಷರದಲ್ಲಿ 'ಸೇವೇಚೇ ಠಾಯೀ ತತ್ಪರ ಹಿರೋಜೀ ಇಂದುಲಕರ' ಎಂದು ಕೆತ್ತಿದೆ. ಸೇವೆಗೆ ಸದಾ ಸಿದ್ಧನಾದ ಹಿರೋಜಿ. ಇಡೀ ರಾಜಧಾನಿ ಕಟ್ಟಿದವನು ತನ್ನ ಹೆಸರನ್ನು ಜನ ಕಾಲಿಡುವ ಕಲ್ಲಿನಲ್ಲಿ ಇಟ್ಟಿದ್ದಾನೆ. ನಮ್ಮ ಕಡೆಯ ಗುಡಿಗಳಲ್ಲೂ ಅಡ್ಡಬಿದ್ದ ಭಕ್ತನ ಆಕಾರವನ್ನು ಹೊಸ್ತಿಲಲ್ಲಿ ಕೆತ್ತಿರುತ್ತಾರೆ, ಬಂದವರ ಪಾದಧೂಳಿ ತಾಗಲಿ ಎಂದು. ಅದೇ ಭಾವ. ಅವ್ವ ಆ ಪಾವಟಿಗೆಯನ್ನು ದಾಟಿ ಕಾಲಿಟ್ಟಳು, ಬಗ್ಗಿ ಬೆರಳಿಂದ ಅಕ್ಷರ ಮುಟ್ಟಿದಳು. ಓದು ಬಾರದವಳು.

ಇನ್ನೊಂದು ಗೋಡೆಯಲ್ಲಿರುವ ಸಂಸ್ಕೃತ ಶಾಸನ. ಶಕವರ್ಷವನ್ನು ಅಂಕಿಯಲ್ಲಿ ಬರೆದಿಲ್ಲ, ಶಬ್ದದಲ್ಲಿ ಹೇಳಿದೆ: ಷಟ್, ನವ, ಬಾಣ, ಭೂಮಿ. ಆರು, ಒಂಬತ್ತು, ಮನ್ಮಥನ ಬಾಣ ಐದು, ಭೂಮಿ ಒಂದು. ಹಿಂದಿನಿಂದ ಓದಿದರೆ 1596, ಆನಂದ ಸಂವತ್ಸರ. ಅಂದರೆ ನಮ್ಮ ಲೆಕ್ಕದ 1674. ಜೊತೆಗೆ ಮಕ್ಕಳಿದ್ದರೆ ಇದನ್ನು ಒಗಟಿನ ಹಾಗೆ ಬಿಡಿಸಲು ಕೊಡಿ. ಬಾವಿ, ಕೆರೆ, ಅರಮನೆಗಳನ್ನು ಕಟ್ಟಿದ್ದನ್ನು ಹೇಳಿ, ಚಂದ್ರಸೂರ್ಯರಿರುವ ತನಕ ಇರಲಿ ಎಂದು ಅದು ಹಾರೈಸುತ್ತದೆ. ಹೊರಗೆ ಸುಟ್ಟುಹೋದ ಅರಮನೆಯ ತಳಪಾಯ ನೋಡಿ ಬಂದಿದ್ದೀರಿ, ಓದುವಾಗ ಗಂಟಲು ಸ್ವಲ್ಪ ಹಿಡಿಯುತ್ತದೆ.

ಸಮಾಧಿಯ ಮುಂದೆ

ಗುಡಿಯ ಪೂರ್ವ ಬಾಗಿಲಿಂದ ಹೊರಬಿದ್ದರೆ ಎದುರಿಗೇ ಸಮಾಧಿ. ಎಂಟು ಮೂಲೆಯ ಕಟ್ಟೆ, ಮೇಲೆ ಛತ್ರಿ. ನಮ್ಮ ವಿಜಯಪುರದ ಇಬ್ರಾಹಿಂ ರೋಜಾ, ಗೋಲಗುಮ್ಮಟ ನೋಡಿದ ಕಣ್ಣಿಗೆ ಇದು ಸಣ್ಣದು. ಅದಿಲಶಾಹಿ ಬಾದಶಹರು ಬದುಕಿರುವಾಗಲೇ ತಮ್ಮ ಗೋರಿ ಕಟ್ಟಿಸಿಕೊಂಡರು, ಇಲ್ಲಿ ದಹನವಾದ ಜಾಗದಲ್ಲಿ ಒಂದು ಕಟ್ಟೆ ಎದ್ದಿತು, ಅಷ್ಟೇ. ಗುಮ್ಮಟದ ಕೆಲಸವನ್ನು ಇಲ್ಲಿ ಆಕಾಶ ಮಾಡುತ್ತದೆ. ಪೂರ್ವಕ್ಕೆ ನೋಡಿ: ಶಿವಲಿಂಗದ ಹಾಗೆ ಮೊನಚಾಗಿ ನಿಂತದ್ದು ಲಿಂಗಾಣ. ಗಾಳಿ ತಿಳಿಯಾಗಿದ್ದ ದಿನ ಅದರ ಹಿಂದೆ ತೋರಣಾ, ರಾಜಗಡ ಕೋಟೆಗಳ ಸಾಲು. ಬೆಳಿಗ್ಗೆ ಹತ್ತರೊಳಗೆ ಬಂದರೆ ಮಾತ್ರ ಇದೆಲ್ಲ ಕಾಣುತ್ತದೆ, ಆಮೇಲೆ ಕಣಿವೆಯಿಂದ ಮಬ್ಬು ಏಳುತ್ತದೆ. ನಾನು ಆರು ಗಂಟೆಗೇ ಹೊರಡಿ ಎಂದು ಗಂಟು ಬಿದ್ದದ್ದು ಇದಕ್ಕೇ.

ಈ ಸಮಾಧಿ ಮರೆತೇ ಹೋಗಿತ್ತು ಎಂಬುದನ್ನೂ ತಿಳಿದಿರಿ. 1689ರಲ್ಲಿ ಗಡ ಮೊಘಲರ ಪಾಲಾಯಿತು. ಸೊಸೆ ಯೇಸೂಬಾಯಿ, ಮೊಮ್ಮಗ ಶಾಹು ಸೆರೆಯಾದರು. ಅದಕ್ಕೂ ಮೊದಲೇ ಏಪ್ರಿಲಿನಲ್ಲಿ ಕಿರಿಯ ಮಗ ರಾಜಾರಾಮ ಇಲ್ಲಿಂದ ತಪ್ಪಿಸಿಕೊಂಡು, ಪನ್ಹಾಳಕ್ಕೆ ಬಂದು, ಅಲ್ಲಿಂದ ವೇಷ ಮರೆಸಿಕೊಂಡು ಕನ್ನಡನಾಡಿನ ಮೂಲಕ ತಮಿಳುನಾಡಿನ ಜಿಂಜಿ ಕೋಟೆಗೆ ಹೋದ. ದಾರಿಯಲ್ಲಿ ಅವನಿಗೆ ಆಸರೆ ಕೊಟ್ಟವಳು ಕೆಳದಿಯ ಚೆನ್ನಮ್ಮ. ಅದಕ್ಕಾಗಿ ಔರಂಗಜೇಬನ ಸೈನ್ಯವನ್ನೂ ಎದುರಿಸಿದಳು. ಸಮಾಧಿಯ ಮುಂದೆ ಗುಂಪಿಗೆ ಕಥೆ ಹೇಳುವ ಗೈಡುಗಳು ಇದನ್ನು ಹೇಳುವುದು ನಾನಂತೂ ಕೇಳಿಲ್ಲ. ನಿಮ್ಮ ಮಕ್ಕಳಿಗೆ ನೀವೇ ಹೇಳಿ.

1818ರ ನಂತರ ಗಡ ಹಾಳುಬಿದ್ದು ಗಿಡಗಂಟಿ ಬೆಳೆದವು. 1869ರಲ್ಲಿ ಜೋತಿಬಾ ಫುಲೆ ಇಲ್ಲಿಗೆ ಬಂದು ಸಮಾಧಿಯನ್ನು ಹುಡುಕಿ ಸ್ವಚ್ಛ ಮಾಡಿದರೆಂದು ಹೇಳುತ್ತಾರೆ, ಶಿವಾಜಿಯ ಮೇಲೆ ಅವರು ಪೊವಾಡ, ಅಂದರೆ ವೀರಗೀತೆ, ಬರೆದದ್ದೂ ಅದೇ ವರ್ಷ. 1883ರಲ್ಲಿ ಜೇಮ್ಸ್ ಡಗ್ಲಸ್ ಎಂಬ ಇಂಗ್ಲಿಷಿನವನು ಇದರ ದುಃಸ್ಥಿತಿಯ ಬಗ್ಗೆ ಮರುಗಿ ಬರೆದ. 1895ರಿಂದ ಟಿಳಕರು ಜೀರ್ಣೋದ್ಧಾರದ ಚಳವಳಿ ಎತ್ತಿದರು. ಕೆಲಸ ಕೈಗೂಡಿದ್ದು 1926ರ ಹೊತ್ತಿಗೆ. ಯಾರು ಮೊದಲು ಹುಡುಕಿದರು ಎಂಬ ಜಗಳ ಇಂದಿಗೂ ಪತ್ರಿಕೆಗಳಲ್ಲಿ ನಡೆಯುತ್ತದೆ. ಪಕ್ಕದ ಎತ್ತರದ ಕಂಬದ ಮೇಲಿನ ನಾಯಿ ವಾಘ್ಯಾ, ಒಡೆಯನ ಚಿತೆಗೆ ಹಾರಿತೆಂಬ ಕಥೆಯದು. ಆ ಮೂರ್ತಿ ಬಂದದ್ದು 1936ರಲ್ಲಿ. ಕಥೆ ನಿಜವಲ್ಲ, ತೆಗೆಯಿರಿ ಎನ್ನುವವರು ಇದ್ದಾರೆ. 2012ರಲ್ಲಿ ಕಿತ್ತು ಹಾಕಿ, ಮತ್ತೆ ಕೂಡಿಸಿದ್ದೂ ಆಗಿದೆ. ಆ ವಾದಕ್ಕೆ ಸಮಾಧಿಯ ಮುಂದೆ ನಿಂತು ಬಾಯಿ ಹಾಕಬೇಡಿ, ಪಕ್ಕದವರು ಯಾವ ಕಡೆಯವರೋ ಗೊತ್ತಿರುವುದಿಲ್ಲ.

ಜೋಡು ಕಳಚಿ. ಕಟ್ಟೆ ಹತ್ತಬೇಡಿ. ಹೂ ಇಡಬಹುದು, ಪ್ಲಾಸ್ಟಿಕ್ ಚೀಲ ವಾಪಸ್ ತನ್ನಿ. ಘೋಷಣೆ ಕೂಗುವ ಗುಂಪು ಬಂದರೆ ಹತ್ತು ನಿಮಿಷ ಪಕ್ಕಕ್ಕೆ ಸರಿದು ನಿಲ್ಲಿ, ಹೋಗುತ್ತಾರೆ, ಮತ್ತೆ ನಿಶ್ಶಬ್ದ ನಿಮ್ಮದು. ಎಲ್ಲಿಯೂ ಕಲ್ಲಿನ ಮೇಲೆ ಹೆಸರು ಕೆತ್ತಬೇಡಿ. ಇದು ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ, ಹಾಳು ಮಾಡಿದರೆ ಎರಡು ವರ್ಷದ ತನಕ ಸೆರೆ ಅಥವಾ ಒಂದು ಲಕ್ಷದ ತನಕ ದಂಡ, ಎರಡೂ ಆಗಬಹುದು. 2025ರ ಜುಲೈನಲ್ಲಿ ಮರಾಠರ ಹನ್ನೆರಡು ಕೋಟೆಗಳು ಯುನೆಸ್ಕೊ ಪಟ್ಟಿ ಸೇರಿದವು, ರಾಯಗಡ ಅದರಲ್ಲೊಂದು. ಅನುಮತಿಯಿಲ್ಲದೆ ಡ್ರೋನ್ ಹಾರಿಸುವ ಉಸಾಬರಿಯೂ ಬೇಡ.

ಕಾಲಲ್ಲಿ ಶಕ್ತಿ ಉಳಿದಿದ್ದರೆ ಸಮಾಧಿಯಿಂದ ಮುಂದೆ ಭವಾನಿ ಟೋಕದ ಕಡೆ ಸ್ವಲ್ಪ ನಡೆಯಬಹುದು, ಬಂಡೆಯಲ್ಲಿ ಕೊರೆದ ಹನ್ನೆರಡು ನೀರಿನ ತೊಟ್ಟಿಗಳಿವೆ. ಟ್ಯಾಂಕರಿಗೆ ಸಾಲು ನಿಂತು ಬೆಳೆದವರು ನಾವು, ಗುಡ್ಡದ ನೆತ್ತಿಯಲ್ಲಿ ಇಷ್ಟು ನೀರು ಹಿಡಿದಿಟ್ಟದ್ದು ನೋಡಿ ನನಗೆ ಅರಮನೆಗಿಂತ ಇದೇ ದೊಡ್ಡದೆನಿಸಿತು.

ಊಟ, ಇಳಿಯುವುದು

ಮೇಲೆ ವಾಸವಿರುವ ಮನೆಗಳವರು ಪಿಠಲಾ ಭಾಕರಿ ಮಾಡಿಕೊಡುತ್ತಾರೆ. ಹತ್ತುವಾಗಲೇ ಹೇಳಿ ಹೋದರೆ ವಾಪಸಾಗುವ ಹೊತ್ತಿಗೆ ಬಿಸಿ. ಪಿಠಲಾ ನಮ್ಮ ಝುಣಕವೇ, ಸ್ವಲ್ಪ ತೆಳ್ಳಗೆ. ಭಾಕರಿ ಮಾತ್ರ ಅಕ್ಕಿಯದು, ಕೊಂಕಣವಲ್ಲವೇ. ಅವ್ವ ಒಂದು ಚೂರು ಮುರಿದು ಬಾಯಿಗಿಟ್ಟು, "ಬೆಳ್ಳಗ ಐತಿ, ಆದ್ರ ಜ್ವಾಳದ ರುಚಿ ಇಲ್ಲ" ಅಂದು ಮೂರು ತಿಂದಳು.

ಹತ್ತುವುದಕ್ಕಿಂತ ಇಳಿಯುವುದು ಮಂಡಿಗೆ ಕಷ್ಟ. ನನ್ನ ಸಲಹೆ: ಹತ್ತುವುದು ಕಾಲಿಂದ, ಇಳಿಯುವುದು ರೋಪ್‌ವೇಯಲ್ಲಿ. ಒಮ್ಮುಖದ ಟಿಕೆಟ್ ಕೇಳಿ. ಗಾಡಿಯವನಿಗೆ ಬೆಳಿಗ್ಗೆಯೇ ಹೇಳಿರಿ, ಚಿತ್ತ ದರವಾಜಾದಿಂದ ಗಾಡಿ ತೆಗೆದು ಹಿರ್ಕಣಿವಾಡಿಗೆ ತರಲು. ಇಲ್ಲವಾದರೆ ನೋಯುವ ಕಾಲಲ್ಲಿ ಆ ದಾರಿ ನಡೆಯಬೇಕಾಗುತ್ತದೆ, ನಾನು ನಡೆದಿದ್ದೇನೆ. ಕಾಲಿಂದಲೇ ಇಳಿಯುವವರು ಅಡ್ಡಡ್ಡ ಹೆಜ್ಜೆ ಹಾಕಿ, ಸೂರ್ಯ ಮುಳುಗುವ ಮೊದಲು ಮಹಾ ದರವಾಜಾ ದಾಟಿರಿ.

ಮರಳುವಾಗ ಮಹಾಡದ ಚವದಾರ ತಳ್ಯದ ಹತ್ತಿರ ಗಾಡಿ ನಿಲ್ಲಿಸಿ. 1927ರ ಮಾರ್ಚ್ 20ರಂದು ಬಾಬಾಸಾಹೇಬ ಅಂಬೇಡ್ಕರ್ ಸಾವಿರಾರು ಜನರೊಂದಿಗೆ ಬಂದು ನೀರು ಮುಟ್ಟಿ ಕುಡಿದ ಕೆರೆ. ಊರ ನಡುವೆಯೇ ಇದೆ, ಅರ್ಧ ತಾಸು ಸಾಕು. ಆಮೇಲೆ ಪೋಲಾ‍ದಪುರದಲ್ಲಿ ಡೀಸೆಲ್ ಹಾಕಿಸಿ, ಟಾಯರಿನ ಗಾಳಿ ನೋಡಿಸಿ. ನಾಲ್ಕು ಗಂಟೆ ದಾಟಿದ್ದರೆ ಘಾಟ ಹತ್ತಬೇಡಿ, ಅಲ್ಲೇ ಉಳಿದು ಬೆಳಿಗ್ಗೆ ಹೊರಡಿ.